ಫಿಲಾಸಫಿ ಆಫ್ ರಿಲಿಜನ್ ಓದಿ ಬೆಂಗಳೂರಲ್ಲಿ ಪಾಠ ಮಾಡೋ ತನಕ

ವರ್ಷಕ್ಕೆ ಒಬ್ರಿಬ್ರಾದ್ರೂ ಬಂದು ಕೇಳ್ತಾರೆ, ಮೇಡಂ ನಂಗೆ ಫಿಲಾಸಫಿ ಆಫ್ ರಿಲಿಜನ್ ಓದ್ಬೇಕು ಅಂತಿದೆ, ಎಂಎ ಮಾಡ್ಲಾ ಥಿಯಾಲಜಿ ಮಾಡ್ಲಾ, ಕೊನೇಗೆ ಕ್ರಿಶ್ಚಿಯನ್ ಕಾಲೇಜಲ್ಲಿ ಕೆಲಸ ಆಗುತ್ತಾ, ಮನೇಲಿ ಏನ್ ಹೇಳ್ಲಿ ಅಂತ. ಸ್ಟಾಫ್ ರೂಮ್ ಬಾಗಿಲಲ್ಲಿ ನಿಂತ್ಕೊಂಡು ಹತ್ತು ನಿಮಿಷದಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಇದು. ಹಾಗಾಗಿ ನಾನು ಬಂದ ದಾರಿನ ಪೂರ್ತಿ ಬರೆದುಬಿಡ್ತೀನಿ, ಯಾರಿಗೆ ಬೇಕೋ ಅವ್ರು ಓದ್ಕೊಳ್ಳಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಈ ಸಬ್ಜೆಕ್ಟ್ ಏನು ಅಂತ. ದೇವರಿದ್ದಾನೆ ಅನ್ನೋಕೆ ಕೊಡೋ ವಾದಗಳು ನಿಲ್ಲುತ್ವಾ, ದೇವರು ಒಳ್ಳೆಯವನೂ ಸರ್ವಶಕ್ತನೂ ಆಗಿದ್ರೆ ಲೋಕದಲ್ಲಿ ಇಷ್ಟು ಸಂಕಟ ಯಾಕೆ, ಕಣ್ಣಿಗೆ ಕಾಣದ್ದನ್ನ ನಂಬೋದು ವಿವೇಕನಾ, ಎಲ್ಲ ಧರ್ಮದೋರೂ ನಾವೇ ಸರಿ ಅಂದಾಗ ಯಾವುದನ್ನ ಒಪ್ಪೋದು, ಇವು ಅದರ ಪ್ರಶ್ನೆಗಳು. ಥಿಯಾಲಜಿ ಅಂದ್ರೆ ಒಂದು ಸಭೆ, ಅಂದ್ರೆ ಒಂದು ಚರ್ಚ್ ಸಮುದಾಯ, ಏನು ನಂಬುತ್ತೋ ಅದನ್ನ ಒಪ್ಕೊಂಡು ಅಲ್ಲಿಂದ ಮುಂದಕ್ಕೆ ಯೋಚ್ನೆ ಮಾಡೋದು. ನಮ್ಮ ಸಬ್ಜೆಕ್ಟಿಗೆ ಆ ಒಪ್ಪಿಗೆ ಬೇಕಿಲ್ಲ, ನಂಬೋರೂ ನಂಬದೋರೂ ಒಂದೇ ಬೆಂಚಲ್ಲಿ ಕೂತು ಒಂದೇ ನಿಯಮಕ್ಕೆ ಕಟ್ಟುಬಿದ್ದು ವಾದ ಮಾಡ್ಬೇಕು. ಇದೇ ಕಾರಣಕ್ಕೆ ಇದು ಎಲ್ಲೂ ಸರಿಯಾಗಿ ಸೇರಲ್ಲ. ಯೂನಿವರ್ಸಿಟಿಯ ಫಿಲಾಸಫಿ ಡಿಪಾರ್ಟ್‌ಮೆಂಟಿಗೆ ಹೋದ್ರೆ ಇದು ಸೆಮಿನರಿಯೋರ, ಅಂದ್ರೆ ಪಾದ್ರಿಗಳನ್ನ ತಯಾರು ಮಾಡೋ ಕಾಲೇಜಿನೋರ ವಿಷಯ ಅಂತಾರೆ, ಸೆಮಿನರಿಗೆ ಹೋದ್ರೆ ಇದೆಲ್ಲ ಯೂನಿವರ್ಸಿಟಿಲಿ ಮಾಡ್ಕೊಳ್ಳಿ ಅಂತಾರೆ. ನನ್ನ ಹತ್ತು ಹದಿನೈದು ವರ್ಷ ಈ ಎರಡರ ಮಧ್ಯೆ ಓಡಾಡೋದ್ರಲ್ಲೇ ಹೋಗಿದೆ, ಮತ್ತೆ ಆ ಓಡಾಟ ವ್ಯರ್ಥ ಅಂತ ನಂಗೆ ಒಂದು ದಿನಾನೂ ಅನ್ಸಿಲ್ಲ.

ನಮ್ಮದು ಸಿಎಸ್‌ಐ ಕುಟುಂಬ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ ಅನ್ನೋ ಪ್ರೊಟೆಸ್ಟೆಂಟ್ ಸಭೆಯವ್ರು, ತುಮಕೂರು ಕಡೆಯವ್ರು, ಅಪ್ಪನ ಕೆಲಸ ಬೆಂಗಳೂರಿಗೆ ಬಂತು ಅಂತ ಇಲ್ಲಿ ಸೆಟಲ್ ಆದ್ವಿ. ಹಡ್ಸನ್ ಸರ್ಕಲಲ್ಲಿರೋ ಕಲ್ಲಿನ ಚರ್ಚಲ್ಲಿ ಕನ್ನಡ ಆರಾಧನೆ ಕೇಳ್ಕೊಂಡೇ ಬೆಳೆದಿದ್ದು. ಸಂಡೇ ಸ್ಕೂಲಲ್ಲಿ ಸತ್ಯವೇದದ, ಅಂದ್ರೆ ಬೈಬಲ್ಲಿನ, ಯೋಬನ ಕಥೆ, ಮಕ್ಕಳು ಆಸ್ತಿ ಎಲ್ಲ ಕಳ್ಕೊಂಡ ಒಳ್ಳೆ ಮನುಷ್ಯನ ಕಥೆ, ಹೇಳಿದಾಗ ಎಲ್ರೂ ಯೋಬನ ತಾಳ್ಮೆ ನೋಡಿ ಅಂತಿದ್ರು, ನಂಗೆ ಮಾತ್ರ ಆ ಪುಸ್ತಕದ ಮಧ್ಯದ ಮೂವತ್ತು ಚಿಲ್ಲರೆ ಅಧ್ಯಾಯದಲ್ಲಿ ಯೋಬ ದೇವರ ಹತ್ರಾನೇ ಜಗಳಕ್ಕೆ ನಿಂತಿರೋದು ಕಾಣ್ತಿತ್ತು, ಅದರ ಬಗ್ಗೆ ಯಾರೂ ಮಾತಾಡ್ತಿರ್ಲಿಲ್ಲ. ಬಿಎ ಮಾಡಿದ್ದು ಇಲ್ಲೇ ಒಂದು ಕ್ರಿಶ್ಚಿಯನ್ ಕಾಲೇಜಲ್ಲಿ, ಹೆಚ್‌ಇಪಿ ಅಂದ್ರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಕಾಂಬಿನೇಷನ್, ಫಿಲಾಸಫಿ ಅಂತ ಒಂದು ಪೇಪರೂ ಇರ್ಲಿಲ್ಲ.

ಎಂಎಗೆ ಮೈಸೂರಿಗೆ ಹೋದೆ, ಮಾನಸಗಂಗೋತ್ರಿಗೆ. ಅಲ್ಲಿಗೆ ಹೋದ್ಮೇಲೇ ಗೊತ್ತಾಗಿದ್ದು ನಮ್ಮ ರಾಜ್ಯದಲ್ಲಿ ಫಿಲಾಸಫಿಗೆ ಎಂಥ ಹಿನ್ನೆಲೆ ಇದೆ ಅಂತ. ರಾಧಾಕೃಷ್ಣನ್ ಅವ್ರು 1918ರಿಂದ 1921ರ ತನಕ ಮಹಾರಾಜಾ ಕಾಲೇಜಲ್ಲಿ ಪ್ರೊಫೆಸರ್ ಆಗಿದ್ರು, ಇದು ತುಂಬಾ ಜನಕ್ಕೆ ಗೊತ್ತು. ಅದರ ಹಿಂದಿನ ಕಥೆ ಅಷ್ಟು ಜನಕ್ಕೆ ಗೊತ್ತಿಲ್ಲ. ಅವ್ರು ಓದಿದ್ದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಲ್ಲಿ, ಅಲ್ಲಿ ಎ.ಜಿ. ಹಾಗ್ ಅನ್ನೋ ಸ್ಕಾಟಿಷ್ ಮಿಷನರಿ ಅವರ ಮೇಷ್ಟ್ರು. ವೇದಾಂತದಲ್ಲಿ ನೀತಿಗೆ ಜಾಗ ಇಲ್ಲ ಅಂತ ಮಿಷನರಿಗಳು ಟೀಕೆ ಮಾಡ್ತಿದ್ರು, ಅದು ಹುಡುಗ ರಾಧಾಕೃಷ್ಣನ್‌ಗೆ ತಾಗ್ತು, ಅದಕ್ಕೆ ಉತ್ತರವಾಗಿ 1908ರಲ್ಲಿ ವೇದಾಂತದ ನೀತಿಶಾಸ್ತ್ರದ ಮೇಲೇ ಎಂಎ ಪ್ರಬಂಧ ಬರೆದ್ರು, ಅದನ್ನ ಮೆಚ್ಕೊಂಡಿದ್ದೂ ಇದೇ ಹಾಗ್. ತನ್ನ ಧರ್ಮವನ್ನೇ ಪ್ರಶ್ನೆ ಮಾಡೋ ಜಾಗದಲ್ಲಿ ಕೂತು, ಅದಕ್ಕೆ ಉತ್ತರ ಬರೆದು, ಪ್ರಶ್ನೆ ಕೇಳಿದವರ ಕೈಲೇ ಒಳ್ಳೆ ಮಾತು ತಗೊಂಡಿದ್ದು. ಕ್ರಿಶ್ಚಿಯನ್ ಕಾಲೇಜು ಅಂದ್ರೆ ಏನು ಮಾಡ್ಬೇಕು ಅಂತ ಯಾರಾದ್ರೂ ನನ್ನ ಕೇಳಿದ್ರೆ ನಾನು ಇವತ್ತಿಗೂ ಈ ಉದಾಹರಣೆನೇ ಕೊಡೋದು.

ಮೈಸೂರಲ್ಲಿ ಇನ್ನೊಂದು ವಿಶೇಷ ಇದೆ. ಸರ್ಕಾರಿ ಯೂನಿವರ್ಸಿಟಿಯಲ್ಲಿ ಕ್ರೈಸ್ತ ಧರ್ಮದ ಅಧ್ಯಯನಕ್ಕೆ ಅಂತಾನೇ ಒಂದು ವಿಭಾಗ ಇದೆ, ದೇಶದಲ್ಲಿ ಇಂಥದ್ದು ಅಪರೂಪ. ಅದನ್ನ ಕಟ್ಟಿದೋರು ಡಿ.ಎಸ್. ಅಮಲೋರ್ಪವದಾಸ್ ಅನ್ನೋ ಕ್ಯಾಥೊಲಿಕ್ ಪಾದ್ರಿ, ಅದಕ್ಕೂ ಮುಂಚೆ ಬೆಂಗಳೂರಲ್ಲಿ ಎನ್‌ಬಿಸಿಎಲ್‌ಸಿ ಅನ್ನೋ ಕ್ಯಾಥೊಲಿಕ್ ಸಭೆಯ ರಾಷ್ಟ್ರೀಯ ಬೈಬಲ್ ಮತ್ತು ಧರ್ಮಶಿಕ್ಷಣ ಕೇಂದ್ರ ಕಟ್ಟಿದವರೂ ಅವರೇ. ನಾನು ಫಿಲಾಸಫಿ ಕ್ಲಾಸ್ ಮುಗಿಸ್ಕೊಂಡು ಆ ಡಿಪಾರ್ಟ್‌ಮೆಂಟಿನ ಸೆಮಿನಾರ್‌ಗಳಿಗೆ ಹೋಗಿ ಹಿಂದೆ ಕೂತ್ಕೊಳ್ತಿದ್ದೆ.

ಎಂಎ ಆದ್ಮೇಲೆ ದೊಡ್ಡ ಪ್ರಶ್ನೆ, ಥಿಯಾಲಜಿಗೆ ಹೋಗ್ಲಾ ಬೇಡ್ವಾ. ಬೆಂಗಳೂರಲ್ಲಿ ಥಿಯಾಲಜಿ ಓದೋಕೆ ಜಾಗಕ್ಕೇನು ಕಮ್ಮಿ ಇಲ್ಲ. ಮಿಲ್ಲರ್ಸ್ ರೋಡಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಯುಟಿಸಿ ಅಂತೀವಿ, 1910ರಿಂದ ಇದೆ. ಹೊಸೂರು ರೋಡ್ ಕಡೆ ಧರ್ಮಾರಾಮ್, ಮಲ್ಲೇಶ್ವರದಲ್ಲಿ ಸೇಂಟ್ ಪೀಟರ್ಸ್, ಕೊತ್ತನೂರಲ್ಲಿ ಸಯಾಕ್ಸ್, ಇದಲ್ಲದೆ ಚಿಕ್ಕ ಬೈಬಲ್ ಕಾಲೇಜುಗಳು ಊರ ಸುತ್ತ ಇನ್ನೆಷ್ಟೋ. ಯುಟಿಸಿ ಡಿಗ್ರಿ ಬರೋದು ಸೆರಾಂಪುರದಿಂದ, ಬಂಗಾಳದ ಆ ಕಾಲೇಜು ವಿಲಿಯಂ ಕೇರಿ ಮತ್ತೆ ಅವರ ಜೊತೆಗಾರರು 1818ರಲ್ಲಿ ಶುರು ಮಾಡಿದ್ದು, 1827ರಲ್ಲಿ ಡೆನ್ಮಾರ್ಕಿನ ರಾಜ ಅದಕ್ಕೆ ಡಿಗ್ರಿ ಕೊಡೋ ಅಧಿಕಾರ ಕೊಟ್ಟಿದ್ದ. ಇತಿಹಾಸ ಎಲ್ಲ ದೊಡ್ಡದೇ. ಆದ್ರೆ ಬಿ.ಡಿ., ಅಂದ್ರೆ ಥಿಯಾಲಜಿ ಡಿಗ್ರಿಗೆ ನಾಲ್ಕೈದು ವರ್ಷ ಬೇಕು, ಅದನ್ನ ಮುಗಿಸಿದ್ರೂ ಡಿಗ್ರಿ ಕಾಲೇಜಲ್ಲಿ ಫಿಲಾಸಫಿ ಪಾಠಕ್ಕೆ ನೆಟ್ ಥರದ ಅರ್ಹತಾ ಪರೀಕ್ಷೆ ಪಾಸಾಗದೆ ಬಾಗಿಲು ತೆಗೆಯಲ್ಲ. ಇನ್ನೊಂದು ಕಡೆ, ಕ್ಯಾಥೊಲಿಕ್ ಪಾದ್ರಿ ಆಗೋರು ಥಿಯಾಲಜಿಗೆ ಮುಂಚೆ ಕನಿಷ್ಠ ಎರಡು ವರ್ಷದಷ್ಟು ಫಿಲಾಸಫಿ ಓದ್ಲೇಬೇಕು ಅಂತ ಅವರ ಸಭೆಯ ಕಾನೂನಲ್ಲೇ ಇದೆ, ಹಾಗಾಗಿ ಬೆಂಗಳೂರಲ್ಲಿ ಫಿಲಾಸಫಿ ಕ್ಲಾಸುಗಳು ಎಷ್ಟೋ ನಡೀತಾ ಇರುತ್ವೆ, ಆದ್ರೆ ಅಲ್ಲಿ ಪಾಠ ಮಾಡೋರು ಹೆಚ್ಚಾಗಿ ಅದೇ ಸಭೆಯ ಫಾದರ್‌ಗಳು. ಹೊರಗಿನ ಒಬ್ಳು ಪ್ರೊಟೆಸ್ಟೆಂಟ್ ಹುಡುಗಿಗೆ ಅಲ್ಲಿ ಕಾಯಂ ಕೆಲಸ ಸಿಗೋದು ಕಷ್ಟ. ಇದನ್ನ ಯಾರ ಮೇಲೂ ಸಿಟ್ಟಿಂದ ಹೇಳ್ತಿಲ್ಲ, ಈಗ ದಾರಿ ಹುಡುಕ್ತಿರೋರಿಗೆ ಮೊದಲೇ ಗೊತ್ತಿರ್ಲಿ ಅಂತ.

ಬಿ.ಡಿ. ಮಾಡ್ಲಿಲ್ಲ ನಾನು, ಆದ್ರೆ ಯುಟಿಸಿ ಲೈಬ್ರರಿ ಬಿಡ್ಲಿಲ್ಲ. ಪರ್ಮಿಷನ್ ತಗೊಂಡು ಹೋಗಿ ಕೂತ್ಕೊಳ್ತಿದ್ದೆ, ಕಂಟೋನ್ಮೆಂಟ್ ಕಡೆಯಿಂದ ನಡ್ಕೊಂಡು. ಅಲ್ಲೇ ಪಿ.ಡಿ. ದೇವನಂದನ್ ಮತ್ತೆ ಸ್ಟ್ಯಾನ್ಲಿ ಸಮರ್ಥರನ್ನ ಸರಿಯಾಗಿ ಓದಿದ್ದು. ದೇವನಂದನ್ ಯುಟಿಸಿಲಿ ಧರ್ಮಗಳ ತತ್ವ, ಇತಿಹಾಸ ಪಾಠ ಮಾಡ್ತಿದ್ದವರು, ಆಮೇಲೆ 1957ರಲ್ಲಿ ಇದೇ ಊರಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆ ಅಂತ ಶುರುವಾದ ಕ್ರಿಶ್ಚಿಯನ್ ಸಂಸ್ಥೆಯ ಮೊದಲ ಡೈರೆಕ್ಟರ್. ಸಮರ್ಥರು ನಮ್ಮ ಕಾರ್ಕಳದವರು, 1920ರಲ್ಲಿ ಹುಟ್ಟಿದ್ದು, ಯುಟಿಸಿಲಿ ಓದಿ, ಮಂಗಳೂರಿನ ಥಿಯಾಲಜಿ ಕಾಲೇಜಿಗೆ ಪ್ರಿನ್ಸಿಪಾಲ್ ಆಗಿ, ಸೆರಾಂಪುರಕ್ಕೂ ಪ್ರಿನ್ಸಿಪಾಲ್ ಆಗಿ, ಆಮೇಲೆ ಜಿನೀವಾದ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನಲ್ಲಿ ಬೇರೆ ಧರ್ಮದವರ ಜೊತೆ ಸಂವಾದದ ವಿಭಾಗ ಶುರುವಾದಾಗ ಅದರ ಮೊದಲ ಡೈರೆಕ್ಟರ್ ಆದವರು. ಕಾರ್ಕಳದಲ್ಲಿ ಗೊಮ್ಮಟ ಇದೆ, ಸೇಂಟ್ ಲಾರೆನ್ಸ್ ಚರ್ಚಿದೆ, ವೆಂಕಟರಮಣ ದೇವಸ್ಥಾನ ಇದೆ, ಅಂಥ ಊರಲ್ಲಿ ಬೆಳೆದೋರಿಗೆ ಸಂವಾದ ಅನ್ನೋದು ಪುಸ್ತಕದಿಂದ ಕಲಿಯೋ ವಿಷಯ ಆಗಿರಲ್ಲ ಅಂತ ನಂಗನ್ಸುತ್ತೆ. ನಮ್ಮ ಹುಡುಗ್ರಿಗೆ ಇಂಥವರ ಹೆಸರು ಗೊತ್ತಿಲ್ಲ ಅನ್ನೋದು ನಂಗೆ ನಿಜವಾಗ್ಲೂ ಬೇಜಾರಿನ ವಿಷಯ.

ನೆಟ್ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಎರಡು ಪೇಪರು ಸೇರಿ ಮೂರು ಗಂಟೆ, 150 ಪ್ರಶ್ನೆ, 300 ಮಾರ್ಕ್ಸ್, ನೆಗೆಟಿವ್ ಇಲ್ಲ. ಫಿಲಾಸಫಿ ಸಿಲಬಸ್ಸಲ್ಲಿ ನ್ಯಾಯ, ಮೀಮಾಂಸೆ, ವೇದಾಂತ, ಬೌದ್ಧ, ಜೈನ ಎಲ್ಲ ಬರುತ್ತೆ, ಪಾಶ್ಚಾತ್ಯರಲ್ಲಿ ಆಗಸ್ಟೀನ್, ಅನ್ಸೆಲ್ಮ್, ಅಕ್ವೈನಸ್ ಅನ್ನೋ ಕ್ರೈಸ್ತ ತತ್ವಜ್ಞಾನಿಗಳು ಬರ್ತಾರೆ, ಹಾಗಾಗಿ ನಮ್ಮ ಸಬ್ಜೆಕ್ಟ್ ಚೂರು ಚೂರಾಗಿ ಸಿಗುತ್ತೆ. ಪ್ರಶ್ನೆ ಪತ್ರಿಕೆ ಇಂಗ್ಲಿಷ್ ಹಿಂದಿಲಿ ಇರುತ್ತೆ, ಕನ್ನಡದಲ್ಲಿ ಇರಲ್ಲ. ಕನ್ನಡ ಮೀಡಿಯಂನಿಂದ ಬಂದು ದ್ವೈತ ಅದ್ವೈತ ಅರೆದು ಕುಡಿದಿರೋ ಹುಡುಗ್ರು ಇಂಗ್ಲಿಷಲ್ಲಿ ಪ್ರಶ್ನೆ ಅರ್ಥ ಮಾಡ್ಕೊಳ್ಳೋದ್ರಲ್ಲೇ ಟೈಮ್ ಕಳ್ಕೊಳ್ಳೋದನ್ನ ನಾನೇ ನೋಡಿದೀನಿ. ನಂಗೆ ಅಸಿಸ್ಟೆಂಟ್ ಪ್ರೊಫೆಸರ್‌ಗೆ ಅರ್ಹತೆ ಬಂತು, ಜೆಆರ್‌ಎಫ್ ಬರ್ಲಿಲ್ಲ, ಅಂದ್ರೆ ಫೆಲೋಶಿಪ್ ದುಡ್ಡಿಲ್ಲ, ಗೆಸ್ಟ್ ಲೆಕ್ಚರರ್ ಕೆಲಸ ಮಾಡ್ಕೊಂಡೇ ಪಿಎಚ್‌ಡಿ ಮಾಡ್ಬೇಕು.

ಪಿಎಚ್‌ಡಿ ಕಥೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನನ್ನ ಜೀವ ಇರೋದೇ ಅಲ್ಲಿ.

ನನ್ನ ವಿಷಯ ಹುಟ್ಟಿದ್ದು ಶ್ರೀಭಾಷ್ಯದಿಂದ, ಅಂದ್ರೆ ಬ್ರಹ್ಮಸೂತ್ರಕ್ಕೆ ರಾಮಾನುಜರು ಬರೆದ ಭಾಷ್ಯದಿಂದ. ನೈಯಾಯಿಕರ, ಅಂದ್ರೆ ನ್ಯಾಯ ದರ್ಶನದ ತಾರ್ಕಿಕರ ವಾದ ಎಲ್ರಿಗೂ ಗೊತ್ತಿರೋದು, ಮಡಕೆ ಕಂಡ್ರೆ ಕುಂಬಾರ ಇದ್ದಾನೆ ಅಂತ ಹೇಳ್ತೀವಿ, ಹಾಗೇ ಲೋಕ ಅನ್ನೋ ಕಾರ್ಯ ಕಂಡ್ರೆ ಅದನ್ನ ಮಾಡಿದ ಈಶ್ವರ ಇದ್ದಾನೆ ಅಂತ ಅನುಮಾನ ಮಾಡ್ಬಹುದು, ಅನುಮಾನ ಅಂದ್ರೆ ಇಲ್ಲಿ ಸಂಶಯ ಅಲ್ಲ, ಕಂಡದ್ದರಿಂದ ಕಾಣದ್ದನ್ನ ತರ್ಕಿಸೋದು. ಉದಯನ ಅನ್ನೋ ನೈಯಾಯಿಕ ಇದನ್ನ ತುಂಬಾ ಗಟ್ಟಿಯಾಗಿ ಕಟ್ಟಿದಾನೆ. ಈಗ ರಾಮಾನುಜರು ಏನ್ ಮಾಡ್ಬೇಕು, ಅವ್ರು ನಾರಾಯಣನ ಪರಮ ಭಕ್ತರು, ಓಹೋ ಒಳ್ಳೇ ವಾದ ಅಂತ ತಗೋಬೇಕಿತ್ತು ತಾನೇ? ತಗೊಳ್ಳಲ್ಲ. ಆ ವಾದವನ್ನ ಒಂದೊಂದೇ ಬಿಚ್ಚಿ ಹಾಕ್ತಾರೆ. ಲೋಕ ಪೂರ್ತಿ ಒಂದೇ ಕಾಲದಲ್ಲಿ ಆಯ್ತು ಅಂತ ಎಲ್ಲಿಂದ ಗೊತ್ತಾಯ್ತು, ಒಬ್ಬನೇ ಮಾಡಿದ ಅಂತ ಎಲ್ಲಿಂದ ಗೊತ್ತಾಯ್ತು, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಮಾಡಿರಬಹುದಲ್ಲ, ನಾವು ಕಂಡಿರೋ ಕರ್ತೃಗಳಿಗೆಲ್ಲ ದೇಹ ಇದೆಯಲ್ಲ, ಹಾಗಾದ್ರೆ ಈಶ್ವರನಿಗೂ ದೇಹ ಇರ್ಬೇಕಾ? ಕೊನೇಗೆ ಅವರ ನಿರ್ಧಾರ, ಬ್ರಹ್ಮನ ವಿಷಯಕ್ಕೆ ಶಾಸ್ತ್ರ ಒಂದೇ ಪ್ರಮಾಣ, ಅನುಮಾನ ಅಲ್ಲಿಗೆ ಮುಟ್ಟಲ್ಲ.

ಇದೇ ವಾದಗಳನ್ನ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಆರೇಳು ನೂರು ವರ್ಷ ಆದ್ಮೇಲೆ ಬರೆದ. ಒಂದು ಮನೆ, ಒಂದು ಹಡಗು ಕಟ್ಟೋಕೆ ಎಷ್ಟೋ ಜನ ಸೇರ್ತಾರೆ, ಲೋಕಕ್ಕೆ ಮಾತ್ರ ಒಬ್ಬನೇ ಯಾಕೆ ಅಂತ. ಅವನು ಸತ್ತ ಮೇಲೆ 1779ರಲ್ಲಿ ಆ ಪುಸ್ತಕ ಹೊರಗೆ ಬಂತು, ಯುರೋಪಲ್ಲಿ ಅದನ್ನ ದೇವರ ವಾದಕ್ಕೆ ದೊಡ್ಡ ಪೆಟ್ಟು ಅಂತ ಓದ್ತಾರೆ. ನಮ್ಮ ಮೇಲುಕೋಟೆಲಿ ಇದ್ದು ಹೋದ ಆಚಾರ್ಯರು ಅದೇ ಪೆಟ್ಟು ಕೊಟ್ಟಿದ್ದು ಭಕ್ತಿ ಉಳಿಸೋಕೆ. ಒಂದೇ ವಾದ, ಒಬ್ಬರನ್ನ ಸಂಶಯದ ಕಡೆ ಕರ್ಕೊಂಡು ಹೋಗುತ್ತೆ, ಇನ್ನೊಬ್ಬರನ್ನ ಶಾಸ್ತ್ರದ ಕಡೆ. ನಂಗೆ ಮೊದಲ ಸಲ ಇದು ಹೊಳೆದಾಗ ಲೈಬ್ರರಿಯಿಂದ ಎದ್ದು ಹೊರಗೆ ಬಂದು ಅಪ್ಪಂಗೆ ಫೋನ್ ಮಾಡಿದ್ದೆ, ಪಾಪ ಅವ್ರಿಗೆ ಅರ್ಧ ಅರ್ಥ ಆಗ್ಲಿಲ್ಲ, ಆದ್ರೂ ಪೂರ್ತಿ ಕೇಳಿಸ್ಕೊಂಡ್ರು.

ಮೂರನೆಯವರು ಅಮೆರಿಕದ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗ. ಅವ್ರು 1963ರಿಂದ 1982ರ ತನಕ ಮಿಷಿಗನ್ನಿನ ಕ್ಯಾಲ್ವಿನ್ ಕಾಲೇಜಲ್ಲಿ ಪಾಠ ಮಾಡಿದ್ರು, ಆಮೇಲೆ ನಾಟರ್ ಡೇಮ್. ದೇವರನ್ನ ನಂಬೋಕೆ ವಾದದ ಸಾಕ್ಷಿ ಬೇಕೇ ಬೇಕು ಅಂತ ಯಾರು ಹೇಳಿದ್ದು ಅನ್ನೋದು ಅವರ ಪ್ರಶ್ನೆ. ಎದುರಿಗಿರೋ ಮನುಷ್ಯನಿಗೆ ಮನಸ್ಸಿದೆ ಅಂತ ನಂಬ್ತೀವಿ, ನಿನ್ನೆ ತಿಂಡಿ ತಿಂದಿದ್ದು ನೆನಪಿದೆ ಅಂತ ನಂಬ್ತೀವಿ, ಇದಕ್ಕೆಲ್ಲ ಯಾರೂ ಪ್ರೂಫ್ ಕೊಟ್ಟು ನಂಬಲ್ಲ, ಆದ್ರೂ ಅದು ವಿವೇಕವೇ. ದೇವರ ನಂಬಿಕೆನೂ ಹಾಗೆ ತಳದಲ್ಲೇ ಇರೋ ನಂಬಿಕೆ ಆಗಿರಬಹುದು ಅಂತಾರೆ. ರಾಮಾನುಜರೂ ಪ್ಲಾಂಟಿಂಗಾನೂ ಇಬ್ರೂ ಅನುಮಾನದ ದಾರಿ ಬೇಡ ಅಂತಾರೆ, ಆದ್ರೆ ಒಬ್ರು ಶಾಸ್ತ್ರದ ಮೇಲೆ ನಿಲ್ತಾರೆ, ಇನ್ನೊಬ್ರು ಮನುಷ್ಯನ ಒಳಗೇ ದೇವರು ಇಟ್ಟಿರೋ ಒಂದು ಅರಿವಿನ ಶಕ್ತಿ ಮೇಲೆ ನಿಲ್ತಾರೆ. ಈ ಎರಡರಲ್ಲಿ ಹೊರಗಿನವನೊಬ್ಬ ಬಂದು ಪ್ರಶ್ನೆ ಕೇಳೋಕೆ ಯಾವುದು ಹೆಚ್ಚು ಜಾಗ ಬಿಡುತ್ತೆ, ಇದೇ ನನ್ನ ಥೀಸಿಸ್.

ಇದನ್ನ ಹಿಡ್ಕೊಂಡು ಪಿಎಚ್‌ಡಿ ಅಡ್ಮಿಷನ್ನಿನ ಇಂಟರ್‌ವ್ಯೂಗೆ ಹೋದ್ರೆ ಪ್ಯಾನೆಲ್ಲಲ್ಲಿದ್ದ ಒಬ್ರು ಹಿರಿಯರು, ಸಿನಾಪ್ಸಿಸ್ ಪಕ್ಕಕ್ಕಿಟ್ಟು, "ನೋಡಮ್ಮಾ, ನೀನು ಕ್ರಿಶ್ಚಿಯನ್ನು, ರಾಮಾನುಜರನ್ನ ನಿಷ್ಪಕ್ಷಪಾತವಾಗಿ ಹೇಗೆ ಓದ್ತೀಯ" ಅಂದ್ರು. ನಾನು ಹೇಳಿದೆ, ಸಾರ್, ನನ್ನ ಪಕ್ಷ ಯಾವುದು ಅಂತ ಮೊದಲನೇ ಪುಟದಲ್ಲೇ ಬರೀತೀನಿ, ಓದೋರು ಅದನ್ನ ಲೆಕ್ಕಕ್ಕೆ ತಗೊಂಡು ಓದ್ಲಿ, ತಪ್ಪು ಓದಿದ್ರೆ ಸಂಸ್ಕೃತ ಮೂಲ ಇಟ್ಕೊಂಡು ತೋರಿಸಿ ಅಂತ. ಸ್ವಲ್ಪ ಹೊತ್ತು ನೋಡಿ, ಹಾಗಾದ್ರೆ ಸಂಸ್ಕೃತ ಕಲಿ ಅಂದ್ರು. ಕಲಿತೆ. ಅದೇ ಹಿರಿಯರು ಆಮೇಲೆ ಎಷ್ಟೋ ಸಂಜೆ ಅವರ ಮನೇಲಿ ಕೂರಿಸ್ಕೊಂಡು ಶ್ರೀಭಾಷ್ಯದ ಆ ಭಾಗ ಸಾಲು ಸಾಲು ಬಿಡಿಸಿ ಹೇಳಿಕೊಟ್ರು, ಅವರ ಋಣ ದೊಡ್ಡದು.

ಗೈಡ್ ಸಿಗೋದೇ ಒಂದು ಕೆಲಸ, ಪ್ರೊಫೆಸರ್ ಆದ್ರೆ ಎಂಟು ಜನ, ಅಸೋಸಿಯೇಟ್ ಆದ್ರೆ ಆರು, ಅಸಿಸ್ಟೆಂಟ್ ಆದ್ರೆ ನಾಲ್ಕು ಜನ ಅಂತ ಯುಜಿಸಿ ಲಿಮಿಟ್ ಇದೆ, ಫಿಲಾಸಫಿಲಿ ಗೈಡ್‌ಗಳೇ ಕಮ್ಮಿ, ಸೀಟ್ ಖಾಲಿ ಆಗೋ ತನಕ ಕಾಯ್ಬೇಕು. ಕೋರ್ಸ್ ವರ್ಕ್, ಆರಾರು ತಿಂಗಳಿಗೆ ಪ್ರೋಗ್ರೆಸ್ ರಿಪೋರ್ಟ್, ಕೊಲೋಕ್ವಿಯಂ, ಪ್ಲೇಜಿಯರಿಸಂ ಚೆಕ್ಕು, 10 ಪರ್ಸೆಂಟ್ ದಾಟೋ ಹಾಗಿಲ್ಲ. ನಂದು ಮೊದಲ ಸಲ ದಾಟಿತ್ತು, ನೋಡಿದ್ರೆ ಸಾಫ್ಟ್‌ವೇರ್ ಬ್ರಹ್ಮಸೂತ್ರಗಳನ್ನೂ ಸತ್ಯವೇದದ ವಾಕ್ಯಗಳನ್ನೂ ಕಾಪಿ ಅಂತ ಕೆಂಪು ಮಾಡಿತ್ತು, ಉದ್ಧರಣೆಗಳನ್ನ ಬಿಟ್ಟು ಮತ್ತೆ ಓಡಿಸಿದಾಗ ಸರಿ ಹೋಯ್ತು. ವೈವಾ ಆಯ್ತು. ಥೀಸಿಸ್ ಶೋಧಗಂಗಾದಲ್ಲಿ, ಅಂದ್ರೆ ಪಿಎಚ್‌ಡಿ ಥೀಸಿಸ್ ಎಲ್ಲ ಇಡೋ ವೆಬ್‌ಸೈಟಲ್ಲಿ ಇದೆ.

ಈಗ ಕೆಲಸದ ಕಥೆ. ಯೂನಿವರ್ಸಿಟಿ ಕಡೆ ನೀನು ಕ್ರಿಶ್ಚಿಯನ್ ಅಂದ್ರಲ್ಲ, ಚರ್ಚ್ ಕಡೆ ಅದರ ಉಲ್ಟಾ ಅನುಭವ ಆಯ್ತು. ಊರ ಹೊರಗಿನ ಒಂದು ಬೈಬಲ್ ಕಾಲೇಜಲ್ಲಿ ಇಂಟರ್‌ವ್ಯೂ, ಸಭಾಪಾಲಕರ, ಅಂದ್ರೆ ನಮ್ಮ ಚರ್ಚಿನ ಪಾದ್ರಿಯವರ ಪತ್ರ ತಗೊಂಡು ಹೋಗಿದ್ದೆ, ವಿಶ್ವಾಸದ ಹೇಳಿಕೆಗೆ ಸಹಿ ಹಾಕೋಕೂ ತಕರಾರಿರ್ಲಿಲ್ಲ, ಅದರಲ್ಲಿ ಬರೆದಿದ್ದನ್ನ ನಾನೂ ನಂಬ್ತೀನಿ. ಸಂಕಟದ ಪ್ರಶ್ನೆನ ಹೇಗೆ ಪಾಠ ಮಾಡ್ತೀರಿ ಅಂದ್ರು. ಮೊದಲು ಮ್ಯಾಕಿ ಅನ್ನೋ ತತ್ವಜ್ಞಾನಿ 1955ರಲ್ಲಿ ಬರೆದಿದ್ದು ಓದಿಸ್ತೀನಿ, ಆಮೇಲೆ ವಿಲಿಯಂ ರೋ 1979ರಲ್ಲಿ ಬರೆದಿದ್ದು, ಇಬ್ರೂ ದೇವರಿಲ್ಲ ಅನ್ನೋರು, ಅವರ ವಾದನ ಅವ್ರೇ ಬಂದು ಹೇಳಿದ್ರೂ ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ ಅನ್ನೋ ಹಾಗೆ ಹೇಳಿ, ಆಮೇಲೆ ನಂಬೋರ ಕಡೆಯ ಪ್ಲಾಂಟಿಂಗ, ಜಾನ್ ಹಿಕ್ ಉತ್ತರಗಳಿಗೆ ಬರ್ತೀನಿ ಅಂದೆ. "ಉತ್ತರ ಸಿಗದೆ ಯಾರಾದ್ರೂ ಹುಡುಗ ನಂಬಿಕೆ ಬಿಟ್ರೆ ಜವಾಬ್ದಾರಿ ಯಾರದ್ದು ಸಿಸ್ಟರ್?" ಅಂತ ಕೇಳಿದ್ರು. ಅದು ಸುಳ್ಳು ಪ್ರಶ್ನೆ ಅಲ್ಲ, ಕೇಳಿದವ್ರಿಗೆ ಆ ಹುಡುಗರ ಬಗ್ಗೆ ನಿಜವಾದ ಕಾಳಜಿ ಇತ್ತು. ನಾನು ಹೇಳಿದ್ದು, ಆ ವಾದಗಳನ್ನ ಅವನು ಹೇಗೂ ಫೋನಲ್ಲಿ ನೋಡ್ತಾನೆ, ಒಬ್ನೇ ಕೂತು ನೋಡೋದಕ್ಕಿಂತ ನಮ್ಮ ಜೊತೆ ಕೂತು ನೋಡ್ಲಿ. ಕೆಲಸ ಸಿಗ್ಲಿಲ್ಲ. ಇವತ್ತೂ ಅದೇ ಉತ್ತರ ಕೊಡ್ತೀನಿ.

ಆಮೇಲೆ ಒಂದೆರಡು ಕಡೆ ಗಂಟೆ ಲೆಕ್ಕದ ಸಂಬಳಕ್ಕೆ ದುಡಿದೆ, ವ್ಯಾಲ್ಯೂ ಎಜುಕೇಷನ್, ಕ್ರಿಟಿಕಲ್ ಥಿಂಕಿಂಗ್, ಕೆಲವು ಸಲ ಸಮಾಜಶಾಸ್ತ್ರನೂ ಮಾಡು ಅಂತ ಕೊಟ್ಟಿದಾರೆ, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ತಂಡ ಬಂತು ಅಂದ್ರೆ ರಾತ್ರಿ ಹಗಲು ಫೈಲು. ಯುಜಿಸಿ ಸ್ಕೇಲಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಬೇಸಿಕ್ 57,700 ಅಂತ ಕಾಗದದಲ್ಲಿದೆ, ಗೆಸ್ಟ್ ಆಗಿದ್ದಾಗ ಅದರ ಹತ್ರಾನೂ ಹೋಗಿಲ್ಲ. ಈಗಿರೋ ಕಾಲೇಜಲ್ಲಿ ಮ್ಯಾನೇಜ್‌ಮೆಂಟ್ ಪೋಸ್ಟು, ಪರ್ಮನೆಂಟು, ಫಿಲಾಸಫಿ ಆಫ್ ರಿಲಿಜನ್ ಅಂತಾನೇ ಒಂದು ಪೇಪರ್ ನಡೆಸೋಕೆ ಬಿಟ್ಟಿದಾರೆ, ಅದಕ್ಕೆ ಪ್ರಿನ್ಸಿಪಾಲರಿಗೆ ನಾನು ಮನಸಾರೆ ಕೃತಜ್ಞಳು.

ಪ್ಲಾಂಟಿಂಗ 1983ರಲ್ಲಿ ನಾಟರ್ ಡೇಮಲ್ಲಿ ಮಾಡಿದ ಒಂದು ಭಾಷಣ ಇದೆ, ಕ್ರಿಶ್ಚಿಯನ್ ಫಿಲಾಸಫರ್‌ಗಳು ಬೇರೆಯವರ ಅಜೆಂಡಾ ಹಿಡ್ಕೊಂಡು ಓಡಾಡ್ಬೇಡಿ, ನಿಮ್ಮ ಸಮುದಾಯದ ಪ್ರಶ್ನೆಗಳನ್ನ ಧೈರ್ಯವಾಗಿ ಎತ್ತಿಕೊಳ್ಳಿ ಅಂತ. ನನ್ನಂಥ ಎಷ್ಟೋ ಜನಕ್ಕೆ ಅದು ಬಲ ಕೊಟ್ಟಿದೆ. ಆದ್ರೆ ಅದು ಕ್ಯಾಲ್ವಿನ್ ಕಾಲೇಜಿನ ಥರದ ಜಾಗದಿಂದ ಬಂದ ಮಾತು, ಅಲ್ಲಿ ಅಧ್ಯಾಪಕರು ಸಭೆಯ ವಿಶ್ವಾಸ ಪ್ರಮಾಣಕ್ಕೆ ಸಹಿ ಹಾಕೇ ಸೇರ್ಬೇಕು. ನನ್ನ ಕ್ಲಾಸಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಕ್ರೈಸ್ತರೇ ಅಲ್ಲ, ಲಿಂಗಾಯತರು, ಗೌಡರು, ಮುಸ್ಲಿಮರು, ಜೈನರು, ದಲಿತ ಮನೆಗಳಿಂದ ಬಂದು ಅಂಬೇಡ್ಕರ್ ಓದಿರೋ ಹುಡುಗ್ರು, ಏನೂ ನಂಬದೋರು. ನಮ್ಮ ಸಮುದಾಯದ ಪ್ರಶ್ನೆ ಅಂದ್ರೆ ಇಲ್ಲಿ ಯಾರ ಪ್ರಶ್ನೆ? ಈ ಚರ್ಚೆ ಹೊಸದೇನಲ್ಲ, ಭಾರತದ ಕ್ರಿಶ್ಚಿಯನ್ ಕಾಲೇಜುಗಳು ಯಾಕಿರ್ಬೇಕು ಅಂತ ವಿಚಾರ ಮಾಡೋಕೆ ಎ.ಡಿ. ಲಿಂಡ್ಸೆ ಅಧ್ಯಕ್ಷತೆಯ ಆಯೋಗ 1931ರಲ್ಲೇ ದೊಡ್ಡ ವರದಿ ಕೊಟ್ಟಿತ್ತು.

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಸ್ವಂತ ಶಿಕ್ಷಣ ಸಂಸ್ಥೆ ನಡೆಸೋ ಹಕ್ಕು ಕೊಟ್ಟಿದೆ. 28ನೇ ವಿಧಿ, ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯೋ ಕಡೆ ಧಾರ್ಮಿಕ ಬೋಧನೆ ಇರ್ಬಾರ್ದು, ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರೋ ಸಂಸ್ಥೆಲಿ ಯಾರನ್ನೂ ಒಪ್ಪಿಗೆ ಇಲ್ಲದೆ ಅದಕ್ಕೆ ಕೂರಿಸೋ ಹಾಗಿಲ್ಲ ಅನ್ನುತ್ತೆ. ಫಿಲಾಸಫಿ ಆಫ್ ರಿಲಿಜನ್ ಧಾರ್ಮಿಕ ಬೋಧನೆ ಅಲ್ಲ. ಇದನ್ನ ನಾನು ಹೇಳ್ಬೇಕಾಗಿಲ್ಲ, 1948ರಲ್ಲಿ ನೇಮಕ ಆಗಿ 1949ರಲ್ಲಿ ವರದಿ ಕೊಟ್ಟ ವಿಶ್ವವಿದ್ಯಾಲಯ ಶಿಕ್ಷಣ ಆಯೋಗನೇ, ಡಿಗ್ರಿಯ ಮೊದಲ ವರ್ಷ ಧರ್ಮಗುರುಗಳ ಜೀವನ, ಎರಡನೇ ವರ್ಷ ಲೋಕದ ಧರ್ಮಗ್ರಂಥಗಳಿಂದ ಆಯ್ದ ಭಾಗ, ಮೂರನೇ ವರ್ಷ ಫಿಲಾಸಫಿ ಆಫ್ ರಿಲಿಜನ್ನಿನ ಮುಖ್ಯ ಸಮಸ್ಯೆಗಳು ಓದಿಸಿ ಅಂತ ಶಿಫಾರಸು ಮಾಡಿತ್ತು. ಆ ಆಯೋಗದ ಅಧ್ಯಕ್ಷರು ಮತ್ಯಾರೂ ಅಲ್ಲ, ರಾಧಾಕೃಷ್ಣನ್. ಹಾಗ್ ಅವರ ಕ್ಲಾಸಲ್ಲಿ ಕೂತಿದ್ದ ಅದೇ ವಿದ್ಯಾರ್ಥಿ. ಎಪ್ಪತ್ತು ವರ್ಷದ ಮೇಲಾಯ್ತು, ನಾನು ಓದಿದ ಕಾಲೇಜಲ್ಲಿ ಅಂಥ ಪೇಪರ್ ಇರ್ಲಿಲ್ಲ, ಈಗಲೂ ನಂಗೆ ಗೊತ್ತಿರೋ ಹೆಚ್ಚಿನ ಕಾಲೇಜುಗಳಲ್ಲಿ ಇಲ್ಲ. ಸರ್ಕಾರಿ ಕಾಲೇಜುಗಳಿಗೆ ಧರ್ಮದ ಹೆಸರೆತ್ತೋಕೆ ಹೆದರಿಕೆ, ಅರ್ಥ ಆಗುತ್ತೆ. ಕ್ರಿಶ್ಚಿಯನ್ ಕಾಲೇಜುಗಳಿಗೆ ಏನು ಹೆದರಿಕೆ? ಸ್ವಾತಂತ್ರ್ಯ ಇದೆ, ಲೈಬ್ರರಿ ಇದೆ, ಪ್ರಾರ್ಥನೆ ಕೊಠಡಿ ಇದೆ. ದೇವರ ವಿರುದ್ಧದ ವಾದವನ್ನ ಪೂರ್ತಿ ಶಕ್ತಿಯಿಂದ ಕೇಳಿಸ್ಕೊಳ್ಳೋ ಒಂದು ಕ್ಲಾಸ್ ನಮ್ಮ ಕಾಲೇಜುಗಳಲ್ಲಿ ಇದ್ರೆ ಅದರಿಂದ ನಮ್ಮ ಕ್ರೈಸ್ತತನ ಕಮ್ಮಿ ಆಗಲ್ಲ, ಅದೇ ನಮ್ಮ ಕ್ರೈಸ್ತತನ ಅಂತ ನಾನು ನಂಬ್ತೀನಿ, ಯೋಬನ ಪುಸ್ತಕವನ್ನ ಸತ್ಯವೇದದಿಂದ ಕಿತ್ತು ಹಾಕದೆ ಉಳಿಸ್ಕೊಂಡ ಪರಂಪರೆ ನಮ್ಮದು.

ಕ್ಲಾಸ್ ಹೇಗಿರುತ್ತೆ ಅಂತ ಒಂದು ಹೇಳ್ತೀನಿ. ರೋ ಕೊಡೋ ಉದಾಹರಣೆ ಒಂದಿದೆ, ಕಾಡಲ್ಲಿ ಸಿಡಿಲು ಬಡಿದು ಬೆಂಕಿ, ಒಂದು ಜಿಂಕೆ ಮರಿ ಸಿಕ್ಕಿಹಾಕ್ಕೊಂಡು ಸುಟ್ಟು, ದಿನಗಟ್ಟಲೆ ನರಳಿ ಸಾಯುತ್ತೆ, ಯಾರೂ ನೋಡಿಲ್ಲ, ಯಾರಿಗೂ ಪಾಠ ಆಗಿಲ್ಲ, ಆ ನೋವಿಂದ ಯಾವ ಒಳ್ಳೇದಾಯ್ತು ಅಂತ. ಬೋರ್ಡ್ ಮೇಲೆ ವಾದದ ಹೆಜ್ಜೆಗಳನ್ನ ಕನ್ನಡದಲ್ಲೇ ಬರೆದಿದ್ದೆ. ಒಬ್ಳು ಹುಡುಗಿ, ಪೂರ್ವಕರ್ಮ ಅಂದ್ರೆ ಉತ್ತರ ಸಿಕ್ತಲ್ಲ ಮೇಡಂ ಅಂದ್ಳು. ಪಕ್ಕದ ಬೆಂಚಿಂದ ಕೋಲಾರದ ಹುಡುಗ ತಕ್ಷಣ, "ಹಾಗಾದ್ರೆ ನಮ್ಮ ತಾತನ್ನ ಬಾವಿ ಹತ್ರ ಸೇರಿಸ್ದೇ ಇದ್ದಿದ್ದೂ ಅವರ ಕರ್ಮನಾ?" ಅಂದ. ಯಾರೂ ಮಾತಾಡ್ಲಿಲ್ಲ. ಆ ಹುಡುಗಿ ಸ್ವಲ್ಪ ಹೊತ್ತು ಬಿಟ್ಟು, ಇಲ್ಲ, ಅದು ಮಾಡಿದೋರ ತಪ್ಪು, ಆದ್ರೆ ಜಿಂಕೆ ವಿಷಯದಲ್ಲಿ ಮಾಡಿದೋರೇ ಯಾರೂ ಇಲ್ವಲ್ಲ, ಎರಡೂ ಬೇರೆ ಬೇರೆ ಪ್ರಶ್ನೆ ಅಂದ್ಳು. ಮನುಷ್ಯ ಮಾಡೋ ಕೇಡು, ಪ್ರಕೃತಿಯಿಂದ ಬರೋ ಕೇಡು, ಈ ವಿಂಗಡಣೆ ಪುಸ್ತಕದಲ್ಲಿ ಮುಂದಿನ ಅಧ್ಯಾಯದಲ್ಲಿತ್ತು, ನಾನಿನ್ನೂ ಹೇಳೇ ಇರ್ಲಿಲ್ಲ. ಹಿಂದಿನ ಬೆಂಚಲ್ಲಿದ್ದ ಕ್ರೈಸ್ತ ಹುಡುಗನೊಬ್ಬ, ಯೋಬನಿಗೆ ಕೊನೇಗೆ ಮತ್ತೆ ಹತ್ತು ಮಕ್ಕಳಾದ್ರು ಸರಿ, ಸತ್ತ ಹತ್ತು ಮಕ್ಕಳ ಲೆಕ್ಕ ಯಾರು ಕೊಡ್ತಾರೆ ಅಂತ ಕೇಳ್ದ. ಬೆಲ್ ಆದ್ರೂ ಯಾರೂ ಎದ್ದಿಲ್ಲ. ನನ್ನ ಹತ್ರ ಆ ಮೂವರಿಗೂ ಸಿದ್ಧ ಉತ್ತರ ಇರ್ಲಿಲ್ಲ, ಹಿಕ್ ಏನು ಹೇಳ್ತಾನೆ ಅಂತ ಹೇಳಿದೆ, ಅದು ಎಲ್ಲಿ ಸಾಲಲ್ಲ ಅಂತಾನೂ ಹೇಳಿದೆ.

ಸರಿ, ಈಗ ಕೇಳೋರಿಗೆ ನೇರವಾಗಿ. ಮೊದಲು ಎಂಎ ಫಿಲಾಸಫಿ ಮಾಡಿ, 55 ಪರ್ಸೆಂಟ್ ಕಮ್ಮಿ ಆಗದ ಹಾಗೆ ನೋಡ್ಕೊಳ್ಳಿ, ಎಂಎ ಎರಡನೇ ವರ್ಷದಿಂದಲೇ ನೆಟ್‌ಗೆ ಕೂರಿ. ಅದಾದ್ಮೇಲೆ ಥಿಯಾಲಜಿ ಓದೋ ಮನಸ್ಸಿದ್ರೆ ಓದಿ, ತುಂಬಾ ಒಳ್ಳೇದು, ಆದ್ರೆ ಅದೊಂದನ್ನೇ ನಂಬ್ಕೊಂಡು ಡಿಗ್ರಿ ಕಾಲೇಜಿನ ಕೆಲಸಕ್ಕೆ ಕಾಯ್ಬೇಡಿ. ಸಂಸ್ಕೃತನೋ ಗ್ರೀಕೋ ಅರೇಬಿಕ್ಕೋ, ಒಂದು ಮೂಲ ಭಾಷೆ ಕಲೀರಿ, ಇಂಟರ್‌ವ್ಯೂ ಪ್ಯಾನೆಲ್ ಬಾಯಿ ಮುಚ್ಚಿಸೋಕೆ ಅಂತಲ್ಲ, ಅನುವಾದ ನೋಡಿ ಬೇರೆಯವರ ಧರ್ಮದ ಮೇಲೆ ಥೀಸಿಸ್ ಬರೆಯೋದು ನ್ಯಾಯ ಅಲ್ಲ ಅಂತ. ಮನೇಲಿ ಸಂಬಳದ ಬಗ್ಗೆ ನಿಜ ಹೇಳಿ, ಮೊದಲ ಕೆಲವು ವರ್ಷ ಕಷ್ಟ ಇರುತ್ತೆ. ಕನ್ನಡದಲ್ಲಿ ಈ ಸಬ್ಜೆಕ್ಟಿಗೆ ಕ್ಲಾಸಲ್ಲಿ ಕೊಡೋಂಥ ನೋಟ್ಸ್ ತುಂಬಾ ಕಮ್ಮಿ, ನಾನು ರಾಮಾನುಜ ಹ್ಯೂಮ್ ಭಾಗ ಟೈಪ್ ಮಾಡಿ ಮುಗಿಸಿದೀನಿ, ಸಂಕಟದ ಸಮಸ್ಯೆಯ ಭಾಗ ಅರ್ಧ ಆಗಿದೆ, ಯಾರಿಗಾದ್ರೂ ಅನ್ಸೆಲ್ಮ್ ಬಗ್ಗೆ ಕನ್ನಡದಲ್ಲಿ ಬರೆಯೋ ಉತ್ಸಾಹ ಇದ್ರೆ ಆ ಭಾಗ ತಗೊಳ್ಳಿ, ನಾನು ಇನ್ನೂ ಮುಟ್ಟಿಲ್ಲ.